ಇನ್ವರ್ಸ್ ಫಂಕ್ಷನ್ ಹುಡುಕುವಾಗ ಎಕ್ಸ್, ವೈ ಅದಲುಬದಲು ಮಾಡುವುದು ಯಾಕೆ?

ಅಂಕೆ_ಅಕ್ಷರ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಹೈಸ್ಕೂಲಿನಲ್ಲಿದ್ದಾಳೆ. ಅವಳಿಗೆ ಈಗ ಇನ್ವರ್ಸ್ ಫಂಕ್ಷನ್ (ಒಂದು ಫಂಕ್ಷನ್ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಫಂಕ್ಷನ್) ಪಾಠ ನಡೆಯುತ್ತಿದೆ. ನೋಟ್ಸ್‌ನಲ್ಲಿ ವಿಧಾನ ಹೀಗಿದೆ: ಎಫ್(ಎಕ್ಸ್) ಇರುವ ಕಡೆ ವೈ ಬರೆಯಬೇಕು, ಎಕ್ಸ್ ಮತ್ತು ವೈ ಅದಲುಬದಲು ಮಾಡಬೇಕು, ಆಮೇಲೆ ವೈ ಒಂದನ್ನೇ ಒಂದು ಕಡೆಗೆ ತರಬೇಕು. ಅಷ್ಟೇ.

ವೈ = 2ಎಕ್ಸ್ + 3 ಕೊಟ್ಟರೆ ಎಕ್ಸ್ = 2ವೈ + 3 ಎಂದು ಬರೆದು, ವೈ = (ಎಕ್ಸ್ − 3)/2 ಅಂತ ತಟ್ಟನೆ ಉತ್ತರ ತರುತ್ತಾಳೆ. ಆದರೆ ಅವಳ ಪ್ರಶ್ನೆ ಇದು: "ಅಕ್ಕಾ, ಅದಲುಬದಲು ಮಾಡಿದ ಮೇಲೆ ಅದು ಬೇರೆಯೇ ಸಮೀಕರಣ ಆಯ್ತಲ್ಲ? ಮೊದಲಿನದೂ ನಿಜ, ಇದೂ ನಿಜ ಅಂದ್ರೆ ಹೇಗೆ?"

ಪ್ರಶ್ನೆ ಸರಿಯಾಗಿದೆ ಎಂದು ನನಗೂ ಅನಿಸುತ್ತದೆ. ಇನ್ನೊಂದು ತೊಂದರೆ ಎಂದರೆ, ಈ ಮೂರು ಲೆಕ್ಕಗಳಲ್ಲಿ ನೋಟ್ಸ್‌ನ ವಿಧಾನ ಪೂರ್ತಿ ಕೈಹಿಡಿಯಲಿಲ್ಲ:

ಎಫ್(ಎಕ್ಸ್) = (2ಎಕ್ಸ್ + 1)/(ಎಕ್ಸ್ − 3)
ಎಫ್(ಎಕ್ಸ್) = ಎಕ್ಸ್² − 6ಎಕ್ಸ್ + 5, ಎಕ್ಸ್ ≥ 3
ಎಫ್(ಎಕ್ಸ್) = √(ಎಕ್ಸ್ − 2)

ಮೊದಲ ಎರಡರಲ್ಲಿ ಅದಲುಬದಲು ಮಾಡಿ ಅಲ್ಲೇ ನಿಂತಿದ್ದಾಳೆ. ಮೂರನೆಯದಕ್ಕೆ ಎಕ್ಸ್² + 2 ಎಂದು ಬರೆದಿದ್ದಾಳೆ, ಅರ್ಧ ಅಂಕ ಮಾತ್ರ ಸಿಕ್ಕಿದೆ. ಹೇಗೆ ವಿವರಿಸಿದರೆ ಚೆನ್ನ?

ಮಧ್ಯದ_ಬೆಂಚು
ವಿಧಾನ ಸರಿಯಾಗಿಯೇ ಇದೆ. ಉತ್ತರ ಬರುತ್ತದಲ್ಲ, ಹತ್ತಿಪ್ಪತ್ತು ಲೆಕ್ಕ ಮಾಡಿಸಿ. ಮಾಡ್ತಾ ಮಾಡ್ತಾ ಅರ್ಥ ತಾನಾಗಿ ಬರುತ್ತದೆ.

ಹಳೇ_ಮೇಷ್ಟ್ರು
ಮಧ್ಯದ ಬೆಂಚಿನವರೇ, ಇದನ್ನು ಒಪ್ಪಲಾರೆ. ಆ ಹುಡುಗಿ ಕೇಳಿದ್ದು ಪಾಠದ ಮೂಲದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಲೆಕ್ಕ ಮಾಡಿಸಿದರೆ ಕೈಗೆ ಅಭ್ಯಾಸ ಆಗುತ್ತದೆ, ತಲೆಯಲ್ಲಿ ಪ್ರಶ್ನೆ ಹಾಗೇ ಕೂತಿರುತ್ತದೆ.

ಅಂಕೆ_ಅಕ್ಷರ ಅವರೇ, ತಂಗಿಗೆ ಅಕ್ಷರ ಬಿಟ್ಟು ಮೊದಲು ಸಂಖ್ಯೆಯಲ್ಲಿ ಹೇಳಿ. 2ಎಕ್ಸ್ + 3 ಎಂಬ ಫಂಕ್ಷನ್ 5 ತೆಗೆದುಕೊಂಡು 13 ಕೊಡುತ್ತದೆ. 13 ಕೊಟ್ಟರೆ 5 ವಾಪಸ್ ಕೊಡುವುದೇ ಅದರ ಇನ್ವರ್ಸ್. ಅಂದರೆ ವೈ ಗೊತ್ತು, ಎಕ್ಸ್ ಎಷ್ಟು ಅಂತ ಕೇಳುತ್ತಿದ್ದೇವೆ. ವೈ = 2ಎಕ್ಸ್ + 3 ರಿಂದ ಎಕ್ಸ್ = (ವೈ − 3)/2. ಇನ್ವರ್ಸ್ ಇಲ್ಲಿಗೇ ಸಿಕ್ಕಿತು. ಕೆಲಸ ಮುಗಿಯಿತು. ಇಲ್ಲಿಯವರೆಗೆ ಯಾವ ಅಕ್ಷರವೂ ಜಾಗ ಬದಲಿಸಿಲ್ಲ, ಎರಡೂ ಸಮೀಕರಣ ಒಂದೇ ಮಾತನ್ನು ಹೇಳುತ್ತವೆ.

ಇನ್ನು ಅದಲುಬದಲು. ಫಂಕ್ಷನ್ ಬರೆಯುವಾಗ ಒಳಗೆ ಹೋಗುವ ಸಂಖ್ಯೆಗೆ ಎಕ್ಸ್ ಎನ್ನುವುದು ರೂಢಿ. ಹೊಸ ಫಂಕ್ಷನ್‌ಗೆ ಒಳಗೆ ಹೋಗುವುದು 13, ಅಂದರೆ ಹಳೆಯ ವೈ. ರೂಢಿಗೆ ತಕ್ಕಂತೆ ಅದಕ್ಕೂ ಎಕ್ಸ್ ಎಂದು ಹೆಸರಿಟ್ಟು (ಎಕ್ಸ್ − 3)/2 ಎಂದು ಬರೆಯುತ್ತೇವೆ. ಇದು ಹೆಸರು ಬದಲಿಸುವುದು ಮಾತ್ರ, ಬೀಜಗಣಿತದ ಹೆಜ್ಜೆ ಅಲ್ಲ. ಹೆಸರು ಬದಲಾದ ಮೇಲೆ ಎಕ್ಸ್ ಎಂದರೆ 5 ಅಲ್ಲ, 13. ಒಂದೇ ಎಕ್ಸ್, ಒಂದೇ ವೈ ಇಟ್ಟುಕೊಂಡು ಎರಡೂ ಸಮೀಕರಣ ನಿಜ ಎಂದು ಯಾರೂ ಹೇಳುತ್ತಿಲ್ಲ. ಅವಳ ಅನುಮಾನ ನೂರಕ್ಕೆ ನೂರು ಸರಿ.

ಆದ್ದರಿಂದ ನಾನು ಪಾಠ ಮಾಡುವಾಗ ಅದಲುಬದಲನ್ನು ಕೊನೆಗೆ ಮಾಡಿಸುತ್ತೇನೆ. ಮೊದಲು ಎಕ್ಸ್ ಬಿಡಿಸಿಕೊಳ್ಳಿ, ಆಮೇಲೆ ಹೆಸರು.

ಫಿಸಿಕ್ಸ್_ಓದುವವಳು
ಮೇಷ್ಟ್ರ ಮಾತಿಗೆ ನನ್ನದೂ ಒಂದು ಸಹಿ. ನಮ್ಮಲ್ಲಂತೂ ಅದಲುಬದಲು ಮಾಡಿದರೆ ಅನಾಹುತ. ಫ್ಯಾರನ್‌ಹೀಟ್ = (9/5) × ಸೆಲ್ಸಿಯಸ್ + 32. ಇದರ ಇನ್ವರ್ಸ್ ಎಂದರೆ ಸೆಲ್ಸಿಯಸ್ = (5/9) × (ಫ್ಯಾರನ್‌ಹೀಟ್ − 32). ಇಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಸೂತ್ರವೇ ಸುಳ್ಳಾಗುತ್ತದೆ. ಅಕ್ಷರಕ್ಕೆ ಅರ್ಥ ಇದೆ, ಏಕಮಾನ ಇದೆ.

ವೃತ್ತದ ವಿಸ್ತೀರ್ಣವೂ ಹಾಗೇ. ವಿಸ್ತೀರ್ಣ = π × ತ್ರಿಜ್ಯ². ವಿಸ್ತೀರ್ಣ ಗೊತ್ತಿದ್ದು ತ್ರಿಜ್ಯ ಬೇಕಾದರೆ √(ವಿಸ್ತೀರ್ಣ/π). ತ್ರಿಜ್ಯ ಋಣ ಸಂಖ್ಯೆ ಆಗಲಾರದು, ಅದಕ್ಕೇ ಮೈನಸ್ ರೂಟ್ ಬಿಡುತ್ತೇವೆ. ಡೊಮೇನ್ (ಫಂಕ್ಷನ್ ಒಳಗೆ ಕೊಡಬಹುದಾದ ಸಂಖ್ಯೆಗಳು) ಅಂದರೆ ಏನು ಅಂತ ತಂಗಿಗೆ ತೋರಿಸಲು ಇದು ಒಳ್ಳೆ ಉದಾಹರಣೆ.

ಗ್ರಾಫ್_ಪೇಪರ್
ಮೇಷ್ಟ್ರೇ, ಒಂದು ಮಾತು ಸೇರಿಸಬೇಕು. ಅದಲುಬದಲನ್ನು ಸುಮ್ನೆ ಹೆಸರು ಬದಲಾವಣೆ ಎಂದು ತಳ್ಳಿಹಾಕಬೇಡಿ. ಗ್ರಾಫ್‌ನಲ್ಲಿ ಅದಕ್ಕೆ ಕಣ್ಣಿಗೆ ಕಾಣುವ ಅರ್ಥ ಇದೆ. ಎಫ್‌ನ ಗ್ರಾಫ್ ಮೇಲೆ (2, 7) ಎಂಬ ಬಿಂದು ಇದ್ದರೆ ಇನ್ವರ್ಸ್‌ನ ಗ್ರಾಫ್ ಮೇಲೆ (7, 2) ಇರುತ್ತದೆ. ಎಲ್ಲ ಬಿಂದುಗಳಿಗೂ ಹೀಗೆ ಮಾಡಿದರೆ ಇಡೀ ಗ್ರಾಫ್ ವೈ = ಎಕ್ಸ್ ಎಂಬ ಓರೆ ಗೆರೆಯ ಆಚೆ ಪ್ರತಿಬಿಂಬವಾಗುತ್ತದೆ.

ತೆಳು ಹಾಳೆಯಲ್ಲಿ ಇದನ್ನು ಮಾಡಿ ತೋರಿಸಿ. ಅಕ್ಷಗಳನ್ನೂ ಗ್ರಾಫನ್ನೂ ಗಾಢ ಪೆನ್ನಿನಲ್ಲಿ ಬರೆಯಿರಿ. ಬಲ ಮೇಲ್ತುದಿಯನ್ನೂ ಎಡ ಕೆಳತುದಿಯನ್ನೂ ಹಿಡಿದು, ಆ ಎರಡು ತುದಿ ಇದ್ದಲ್ಲೇ ಇರುವಂತೆ ಹಾಳೆಯನ್ನು ಮಗುಚಿ. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಈಗ ವೈ ಅಕ್ಷ ಮಲಗಿರುತ್ತದೆ, ಎಕ್ಸ್ ಅಕ್ಷ ನಿಂತಿರುತ್ತದೆ. ಕಾಣುವ ಗೆರೆಯೇ ಇನ್ವರ್ಸ್‌ನ ಗ್ರಾಫ್. ಎಕ್ಸ್² ಬರೆದು ಹೀಗೆ ಮಗುಚಿದರೆ ಪಕ್ಕಕ್ಕೆ ಮಲಗಿದ ಪ್ಯಾರಬೋಲ ಸಿಗುತ್ತದೆ. ಒಂದು ಎಕ್ಸ್‌ಗೆ ಎರಡು ವೈ! ಅದು ಫಂಕ್ಷನ್ ಅಲ್ಲ ಎಂದು ಮಕ್ಕಳೇ ಹೇಳುತ್ತಾರೆ.

ಸೊನ್ನೆ_ಸುತ್ತ
ಪ್ರತಿಬಿಂಬ ಆದ್ದರಿಂದ ಎಫ್ ಮತ್ತು ಅದರ ಇನ್ವರ್ಸ್ ಎಲ್ಲೇ ಸೇರಿದರೂ ವೈ = ಎಕ್ಸ್ ಗೆರೆಯ ಮೇಲೇ ಸೇರುತ್ತವೆ. ಪರೀಕ್ಷೆಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಎಫ್(ಎಕ್ಸ್) = ಎಕ್ಸ್ ಬಿಡಿಸಿದರೆ ಸಾಕು, ಇನ್ವರ್ಸ್ ಹುಡುಕುವುದೇ ಬೇಡ.

ಬೀಜಗಣಿತ_ಪ್ರಿಯ
ಎಲ್ಲೇ ಸೇರಿದರೂ ಅಂದದ್ದು ತಪ್ಪು. ಎಫ್(ಎಕ್ಸ್) = −ಎಕ್ಸ್³ ನೋಡಿ. 1 ಕೊಟ್ಟರೆ −1, −1 ಕೊಟ್ಟರೆ 1. ಹಾಗಾಗಿ (1, −1), (−1, 1) ಎರಡೂ ಬಿಂದುಗಳು ಎಫ್‌ನ ಮೇಲೂ ಇವೆ, ಇನ್ವರ್ಸ್‌ನ ಮೇಲೂ ಇವೆ. ಎರಡೂ ಆ ಓರೆ ಗೆರೆಯ ಮೇಲಿಲ್ಲ. ಎಫ್ ಏರುತ್ತಲೇ ಹೋಗುವ ಫಂಕ್ಷನ್ ಆಗಿದ್ದರೆ ನಿಮ್ಮ ಮಾತು ಖಂಡಿತ ನಿಲ್ಲುತ್ತದೆ. ಇಳಿಯುವ ಫಂಕ್ಷನ್‌ಗೆ ಈ ದಾರಿ ಹಿಡಿದರೆ ಉತ್ತರ ತಪ್ಪಿಹೋಗಬಹುದು.

ಸೊನ್ನೆ_ಸುತ್ತ
ಹೌದಲ್ಲ. ಏರುವ ಫಂಕ್ಷನ್ ಆದರೆ ಯಾಕೆ ಆಗಲೇಬೇಕು?

ಬೀಜಗಣಿತ_ಪ್ರಿಯ
(ಎ, ಬಿ) ಎರಡರ ಮೇಲೂ ಇದ್ದರೆ ಎಫ್(ಎ) = ಬಿ, ಎಫ್(ಬಿ) = ಎ. ಎ ಚಿಕ್ಕದು, ಬಿ ದೊಡ್ಡದು ಅಂದುಕೊಳ್ಳಿ. ಏರುವ ಫಂಕ್ಷನ್ ಆದ್ದರಿಂದ ಎಫ್(ಎ) ಚಿಕ್ಕದು, ಎಫ್(ಬಿ) ದೊಡ್ಡದು ಆಗಬೇಕು. ಅಂದರೆ ಬಿ ಚಿಕ್ಕದು, ಎ ದೊಡ್ಡದು. ಇದು ವಿರೋಧ. ಎ ದೊಡ್ಡದು ಎಂದು ಹಿಡಿದರೂ ಇದೇ ಕಥೆ. ಹಾಗಾಗಿ ಎ = ಬಿ.

ಫಿಸಿಕ್ಸ್_ಓದುವವಳು
ಈ ಸೇರುವ ಬಿಂದು ನನ್ನ ತಾಪಮಾನದ ಸೂತ್ರದಲ್ಲೂ ಇದೆ. ಎಕ್ಸ್ = (9/5)ಎಕ್ಸ್ + 32 ಬಿಡಿಸಿದರೆ ಎಕ್ಸ್ = −40. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎರಡೂ ಥರ್ಮಾಮೀಟರ್ ಒಂದೇ ಸಂಖ್ಯೆ ತೋರಿಸುತ್ತವೆ. ಎರಡು ಗ್ರಾಫ್ ಸೇರುವುದು ಅಲ್ಲೊಂದೇ ಕಡೆ.

ಬೀಜಗಣಿತ_ಪ್ರಿಯ
ಈಗ ಮೂಲ ಪ್ರಶ್ನೆಗೆ ಬರೋಣ. ಅದಲುಬದಲು ಮೊದಲೋ ಕೊನೆಗೋ ಎನ್ನುವುದಕ್ಕಿಂತ ದೊಡ್ಡ ವಿಷಯ ಒಂದಿದೆ, ತಂಗಿ ಎರಡು ಲೆಕ್ಕದಲ್ಲಿ ನಿಂತಿರುವುದು ಅಲ್ಲೇ.

2ಎಕ್ಸ್ + 3 ಅಂದರೆ ಎರಡು ಕೆಲಸ: ಮೊದಲು 2ರಿಂದ ಗುಣಿಸು, ಆಮೇಲೆ 3 ಕೂಡು. ಹಿಂದಕ್ಕೆ ಬರುವಾಗ ಮೊದಲು 3 ಕಳೆ, ಆಮೇಲೆ 2ರಿಂದ ಭಾಗಿಸು. ಕೆಲಸವೂ ಉಲ್ಟಾ, ಕ್ರಮವೂ ಉಲ್ಟಾ. ಒಂದು ವಸ್ತುವನ್ನು ಡಬ್ಬಿಯಲ್ಲಿಟ್ಟು, ದಾರ ಕಟ್ಟಿ, ಮೇಲೆ ಕಾಗದ ಸುತ್ತಿದ್ದರೆ ಬಿಚ್ಚುವಾಗ ಮೊದಲು ಕಾಗದ, ಆಮೇಲೆ ದಾರ, ಕೊನೆಗೆ ಡಬ್ಬಿ. ಇದರಲ್ಲಿ ಕಷ್ಟ ಏನೂ ಇಲ್ಲ.

ಕಷ್ಟ ಬರುವುದು ಎಕ್ಸ್ ಎರಡು ಕಡೆ ಇದ್ದಾಗ. (2ಎಕ್ಸ್ + 1)/(ಎಕ್ಸ್ − 3) ರಲ್ಲಿ ಎಕ್ಸ್ ಮೇಲೂ ಇದೆ, ಕೆಳಗೂ ಇದೆ. "ಮೊದಲ ಕೆಲಸ ಯಾವುದು, ಕೊನೆಯದು ಯಾವುದು" ಎಂದು ಸಾಲಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಮೊದಲು ಎಕ್ಸ್ ಒಂದೇ ಸಲ ಬರುವಂತೆ ಬರೆದುಕೊಳ್ಳಬೇಕು. ಇನ್ವರ್ಸ್ ಲೆಕ್ಕದ ನಿಜವಾದ ಶ್ರಮ ಇಷ್ಟೇ ಎಂದು ನಾನು ನಂಬಿದ್ದೇನೆ.

2ಎಕ್ಸ್ + 1 ಅನ್ನು 2(ಎಕ್ಸ್ − 3) + 7 ಎಂದು ಬರೆಯಿರಿ. ಆಗ ಫಂಕ್ಷನ್ 2 + 7/(ಎಕ್ಸ್ − 3) ಆಗುತ್ತದೆ. ಎಕ್ಸ್ ಒಂದೇ ಕಡೆ ಇದೆ, ನೋಡಿ. ಈಗ ಕೆಲಸಗಳ ಸಾಲು ಹೇಳಬಹುದು: 3 ಕಳೆ, ತಲೆಕೆಳಗು ಮಾಡು, 7ರಿಂದ ಗುಣಿಸು, 2 ಕೂಡು. ಹಿಂದಕ್ಕೆ: 2 ಕಳೆ, 7ರಿಂದ ಭಾಗಿಸು, ತಲೆಕೆಳಗು ಮಾಡು, 3 ಕೂಡು. ಉತ್ತರ 3 + 7/(ಎಕ್ಸ್ − 2). ಒಂದೇ ಛೇದಕ್ಕೆ ತಂದರೆ (3ಎಕ್ಸ್ + 1)/(ಎಕ್ಸ್ − 2).

ಎರಡನೆಯದೂ ಇದೇ ದಾರಿ. ಎಕ್ಸ್² − 6ಎಕ್ಸ್ + 5 ರಲ್ಲಿ ಎಕ್ಸ್ ಎರಡು ಸಲ ಇದೆ. ವರ್ಗ ಪೂರ್ತಿ ಮಾಡಿದರೆ (ಎಕ್ಸ್ − 3)² − 4. ಈಗ ಒಂದೇ ಸಲ. ಹಿಂದಕ್ಕೆ: 4 ಕೂಡು, ವರ್ಗಮೂಲ ತೆಗೆ, 3 ಕೂಡು. ಉತ್ತರ 3 + √(ಎಕ್ಸ್ + 4).

ಅಂಕೆ_ಅಕ್ಷರ
ಬೀಜಗಣಿತ ಪ್ರಿಯ ಅವರೇ, ಇದನ್ನು ಅವಳಿಗೆ ಓದಿಸಿದೆ. "ವರ್ಗ ಪೂರ್ತಿ ಮಾಡುವುದು ಇದಕ್ಕೂ ಬರುತ್ತಾ!" ಎಂದಳು. ಅದನ್ನು ಅವಳು ಬೇರೆ ಪಾಠದಲ್ಲಿ, ಬೇರೆ ಕಾರಣಕ್ಕೆ ಕಲಿತಿದ್ದಳು.

ಮುಂದಿನ ಪ್ರಶ್ನೆ ಅವಳದೇ. ವರ್ಗಮೂಲ ತೆಗೆಯುವಾಗ ± ಎಲ್ಲಿ ಹೋಯಿತು?

ಹಳೇ_ಮೇಷ್ಟ್ರು
ಲೆಕ್ಕದಲ್ಲಿ ಎಕ್ಸ್ ≥ 3 ಎಂದು ಕೊಟ್ಟಿದ್ದಾರಲ್ಲ, ಅದು ಇದಕ್ಕೇ. ಎಕ್ಸ್ ≥ 3 ಆದರೆ ಎಕ್ಸ್ − 3 ಸೊನ್ನೆ ಅಥವಾ ಧನ ಸಂಖ್ಯೆ. ಹಾಗಾಗಿ ಪ್ಲಸ್ ರೂಟ್ ಮಾತ್ರ. ಅದೇ ಎಕ್ಸ್ ≤ 3 ಎಂದು ಕೊಟ್ಟಿದ್ದರೆ ಉತ್ತರ 3 − √(ಎಕ್ಸ್ + 4).

ಎರಡನ್ನೂ ಬಿಟ್ಟು ಎಲ್ಲ ಎಕ್ಸ್‌ಗೂ ಕೇಳಿದರೆ ಇನ್ವರ್ಸ್ ಇಲ್ಲವೇ ಇಲ್ಲ. ಎಫ್(1) = 0, ಎಫ್(5) = 0. ಈಗ 0 ಕೈಯಲ್ಲಿಟ್ಟು "ನೀನು ಎಲ್ಲಿಂದ ಬಂದೆ" ಎಂದು ಕೇಳಿದರೆ ಎರಡು ಉತ್ತರ. ಎರಡು ಬೇರೆ ಸಂಖ್ಯೆಗಳು ಒಂದೇ ಕಡೆ ಹೋಗಿ ಸೇರಿದರೆ ವಾಪಸ್ ದಾರಿ ಇರುವುದಿಲ್ಲ. ಒನ್-ಒನ್ ಫಂಕ್ಷನ್ ಬೇಕು ಎನ್ನುವುದು ಇದಕ್ಕೇ.

ಪೈ_ಮೂರೂಚಿಲ್ಲರೆ
ಮೂರನೇ ಲೆಕ್ಕದ ಅರ್ಧ ಅಂಕದ ಬಗ್ಗೆ ಯಾರೂ ಮಾತಾಡಲಿಲ್ಲ. ಎಕ್ಸ್² + 2 ಸರಿ ಉತ್ತರ ತಾನೇ? ಅಂಕ ಕತ್ತರಿಸಿದ್ದು ಅನ್ಯಾಯ.

ಬೀಜಗಣಿತ_ಪ್ರಿಯ
ಅನ್ಯಾಯ ಅಲ್ಲ. √(ಎಕ್ಸ್ − 2) ಎಂದೂ ಋಣ ಸಂಖ್ಯೆ ಕೊಡುವುದಿಲ್ಲ. ಹಾಗಾಗಿ ಇನ್ವರ್ಸ್‌ಗೆ ಒಳಗೆ ಹೋಗುವ ಸಂಖ್ಯೆಯೂ ಋಣ ಆಗುವಂತಿಲ್ಲ. ಪೂರ್ತಿ ಉತ್ತರ: ಎಕ್ಸ್² + 2, ಎಕ್ಸ್ ≥ 0. ಆ ಷರತ್ತು ಬಿಟ್ಟು −1 ಹಾಕಿ ನೋಡಿ. (−1)² + 2 = 3. ವಾಪಸ್ ಎಫ್‌ಗೆ 3 ಕೊಟ್ಟರೆ √1 = 1. ಹೊರಟಿದ್ದು −1, ತಲುಪಿದ್ದು 1.

ಪೈ_ಮೂರೂಚಿಲ್ಲರೆ
ಆದರೂ ಮಗು ಬೀಜಗಣಿತವನ್ನೆಲ್ಲ ಸರಿಯಾಗಿ ಮಾಡಿದೆ. ಒಂದು ಸಾಲು ಬಿಟ್ಟದ್ದಕ್ಕೆ ಅರ್ಧ ಅಂಕ ತೆಗೆಯುವುದು ಜಾಸ್ತಿ ಆಯಿತು.

ಹಳೇ_ಮೇಷ್ಟ್ರು
ಎಷ್ಟು ಅಂಕ ತೆಗೆಯಬೇಕು ಎನ್ನುವುದು ಬೇರೆ ಮಾತು, ಅದರಲ್ಲಿ ನಾನೂ ಕೈ ಸಡಿಲ ಬಿಡುತ್ತೇನೆ. ಆದರೆ ಆ ಸಾಲು ಅಲಂಕಾರ ಅಲ್ಲ ಸರ್. ಎಕ್ಸ್ ≥ 0 ಇಲ್ಲದಿದ್ದರೆ ಅದು ಪೂರ್ತಿ ಪ್ಯಾರಬೋಲ, ಅದಕ್ಕೆ ಇನ್ವರ್ಸ್ ಇಲ್ಲ. ಇನ್ವರ್ಸ್‌ಗೆ ಇನ್ವರ್ಸ್ ತೆಗೆದರೆ ಮೊದಲಿನ ಫಂಕ್ಷನ್ ಬರಬೇಕು. ಷರತ್ತು ಬಿಟ್ಟರೆ ಅದು ಬರುವುದಿಲ್ಲ. ಫಂಕ್ಷನ್‌ನ ರೇಂಜ್ (ಅದು ಹೊರಗೆ ಕೊಡುವ ಸಂಖ್ಯೆಗಳು) ಇನ್ವರ್ಸ್‌ನ ಡೊಮೇನ್ ಆಗುತ್ತದೆ, ಡೊಮೇನ್ ರೇಂಜ್ ಆಗುತ್ತದೆ. ಲೆಕ್ಕ ಶುರು ಮಾಡುವ ಮೊದಲೇ ಎರಡನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಕೊನೆಯಲ್ಲಿ ಮರೆಯುವುದಿಲ್ಲ.

ಎರಡನೇ ಲೆಕ್ಕಕ್ಕೂ ಇದು ಬೇಕು. (ಎಕ್ಸ್ − 3)² − 4 ರ ಕನಿಷ್ಠ ಬೆಲೆ −4. ಹಾಗಾಗಿ 3 + √(ಎಕ್ಸ್ + 4) ಗೆ ಡೊಮೇನ್ ಎಕ್ಸ್ ≥ −4.

ಗ್ರಾಫ್_ಪೇಪರ್
ಮೊದಲನೆಯದಕ್ಕೂ ಹೇಳಿಬಿಡೋಣ. (2ಎಕ್ಸ್ + 1)/(ಎಕ್ಸ್ − 3) ಗೆ 3 ಕೊಡುವಂತಿಲ್ಲ, ಅದು ಎಂದೂ 2 ಕೊಡುವುದೂ ಇಲ್ಲ. 2 + 7/(ಎಕ್ಸ್ − 3) ಎಂದು ಬರೆದ ಕೂಡಲೇ ಯಾಕೆ ಅಂತ ಕಾಣುತ್ತದೆ, 7/(ಏನೋ ಒಂದು) ಸೊನ್ನೆ ಆಗಲಾರದು. ಇನ್ವರ್ಸ್‌ನಲ್ಲಿ ಈ 3 ಮತ್ತು 2 ಜಾಗ ಬದಲಿಸುತ್ತವೆ. ನಿಂತ ಅಸಿಂಪ್ಟೋಟ್ (ಗ್ರಾಫ್ ಹತ್ತಿರ ಹತ್ತಿರ ಹೋದರೂ ಇಲ್ಲಿ ಮುಟ್ಟದ ಗೆರೆ) ಮಲಗುತ್ತದೆ, ಮಲಗಿದ್ದು ನಿಲ್ಲುತ್ತದೆ.

ಶಾರ್ಟ್‌ಕಟ್_ಪ್ರೇಮಿ
ಇಂಥದ್ದಕ್ಕೆಲ್ಲ ಒಂದೇ ಸೂತ್ರ ಇದೆ. (ಎ ಎಕ್ಸ್ + ಬಿ)/(ಸಿ ಎಕ್ಸ್ + ಡಿ) ಕೊಟ್ಟರೆ ಇನ್ವರ್ಸ್ (ಡಿ ಎಕ್ಸ್ − ಬಿ)/(−ಸಿ ಎಕ್ಸ್ + ಎ). ಎ, ಡಿ ಜಾಗ ಬದಲಿಸಿ, ಬಿ, ಸಿ ಚಿಹ್ನೆ ಬದಲಿಸಿ. ಮುಗಿಯಿತು. ಮೇಲಿನದಕ್ಕೆ (−3ಎಕ್ಸ್ − 1)/(−ಎಕ್ಸ್ + 2), ಅಂದರೆ ಅದೇ (3ಎಕ್ಸ್ + 1)/(ಎಕ್ಸ್ − 2).

ಹಳೇ_ಮೇಷ್ಟ್ರು
ಸೂತ್ರ ಸರಿ. ನಾಲ್ಕು ಸಂಖ್ಯೆಗಳನ್ನು ಎರಡು ಸಾಲಾಗಿ ಜೋಡಿಸಿದ 2×2 ಮ್ಯಾಟ್ರಿಕ್ಸ್‌ನ ಇನ್ವರ್ಸ್ ತೆಗೆಯುವ ರೀತಿಯೇ ಅದು, ಸಂಬಂಧ ಆಕಸ್ಮಿಕ ಅಲ್ಲ. ಆದರೆ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಕೊಡಬೇಡಿ. ಒಂದು ವಿಧಾನ ಬಾಯಿಪಾಠ ಆಗಿದ್ದೇ ಇಲ್ಲಿಯ ತೊಂದರೆ, ಅದರ ಮೇಲೆ ಇನ್ನೊಂದು ಬಾಯಿಪಾಠವೇ?

ಶಾರ್ಟ್‌ಕಟ್_ಪ್ರೇಮಿ
ಉತ್ತರ ತಾಳೆ ನೋಡಲು ಕೊಡಬಹುದಲ್ಲ? ಜೊತೆಗೆ ಅದರಿಂದ ಒಂದು ಚೆಂದದ ವಿಷಯ ಕಾಣುತ್ತದೆ. ಡಿ = −ಎ ಆಗಿದ್ದರೆ ಫಂಕ್ಷನ್ ತನಗೆ ತಾನೇ ಇನ್ವರ್ಸ್. (3ಎಕ್ಸ್ + 1)/(ಎಕ್ಸ್ − 3) ತೆಗೆದುಕೊಳ್ಳಿ. 4 ಕೊಟ್ಟರೆ 13. 13 ಕೊಟ್ಟರೆ 40/10 = 4.

ಗ್ರಾಫ್_ಪೇಪರ್
ಅದರ ಗ್ರಾಫ್ ಬರೆದ ಹಾಳೆ ಮಗುಚಿದರೂ ಅದೇ ಗ್ರಾಫ್ ಕಾಣುತ್ತದೆ. 1/ಎಕ್ಸ್ ಗೂ ಹಾಗೇ, −ಎಕ್ಸ್ ಗೂ ಹಾಗೇ.

ಬೀಜಗಣಿತ_ಪ್ರಿಯ
ಎ×ಡಿ − ಬಿ×ಸಿ ಸೊನ್ನೆ ಆಗಿರಬಾರದು ಎನ್ನುವುದನ್ನೂ ಸೇರಿಸಿ. (2ಎಕ್ಸ್ + 4)/(ಎಕ್ಸ್ + 2) ಗೆ ಸೂತ್ರ ಹಾಕಿದರೂ ಏನೋ ಒಂದು ಹೊರಬರುತ್ತದೆ. ಆದರೆ ಆ ಫಂಕ್ಷನ್ ಎಲ್ಲ ಕಡೆ 2 ಕೊಡುವ ಸ್ಥಿರ ಫಂಕ್ಷನ್. ಅದಕ್ಕೆ ಇನ್ವರ್ಸ್ ಎಲ್ಲಿಂದ ಬರಬೇಕು?

ಹೊಸಬಳು_ಇಲ್ಲಿ
ನಡುವೆ ಬಂದೆ, ಬೇಸರಿಸಬೇಡಿ. ಎಫ್⁻¹ ಎಂದು ಬರೆಯುತ್ತಾರಲ್ಲ, ಅದು 1/ಎಫ್ ಅಲ್ಲ ಎಂದು ಟೀಚರ್ ಹೇಳುತ್ತಾರೆ. ಆದರೆ 2⁻¹ ಅಂದರೆ 1/2. ಒಂದೇ ಗುರುತಿಗೆ ಎರಡು ಅರ್ಥ ಯಾಕೆ?

ಹಳೇ_ಮೇಷ್ಟ್ರು
ಒಳ್ಳೆಯ ಪ್ರಶ್ನೆ ಮಗಳೇ. 2⁻¹ ಅಂದರೆ 2ರಿಂದ ಗುಣಿಸಿದ್ದನ್ನು ರದ್ದು ಮಾಡುವ ಸಂಖ್ಯೆ. ಎಫ್⁻¹ ಅಂದರೆ ಎಫ್ ಮಾಡಿದ್ದನ್ನು ರದ್ದು ಮಾಡುವ ಫಂಕ್ಷನ್. ಮೊದಲನೆಯದರಲ್ಲಿ ಗುಣಿಸುತ್ತೇವೆ, ಎರಡನೆಯದರಲ್ಲಿ ಒಂದರ ನಂತರ ಒಂದು ಫಂಕ್ಷನ್ ಹಾಕುತ್ತೇವೆ. ಎರಡು ಸಲ ಎಫ್ ಹಾಕಿದ್ದಕ್ಕೆ ಎಫ್² ಎಂದು ಬರೆಯುವುದಾದರೆ ಎಫ್⁻¹ ಸಹಜವಾಗಿ ಬರುತ್ತದೆ. 2ಎಕ್ಸ್ + 3 ಗೆ 1/ಎಫ್ ಅಂದರೆ 1/(2ಎಕ್ಸ್ + 3). ಎಫ್(5) = 13. ಅದಕ್ಕೆ 1/ಎಫ್ ಹಾಕಿದರೆ 1/29 ಬರುತ್ತದೆ, 5 ಬರುವುದಿಲ್ಲ.

ಸೈನ್‌ಗೆ ಈ ಗುರುತನ್ನು 1813ರಲ್ಲಿ ಜಾನ್ ಹರ್ಷಲ್ ಬಳಸಿದರು. ಗೊಂದಲ ಆಗುವುದು ಅಲ್ಲೇ ಜಾಸ್ತಿ. ಸೈನ್² ಎಕ್ಸ್ ಅಂದರೆ ಸೈನ್ ಬೆಲೆಯ ವರ್ಗ ಎಂದು ರೂಢಿ, ಆದರೆ ಸೈನ್⁻¹ ಎಕ್ಸ್ ಅಂದರೆ ಇನ್ವರ್ಸ್. ಒಂದೇ ಜಾಗದಲ್ಲಿ ಕೂತ ಎರಡು ಸಂಖ್ಯೆಗೆ ಎರಡು ರೀತಿ. ಅದಕ್ಕೇ ತುಂಬ ಜನ ಆರ್ಕ್‌ಸೈನ್ ಎಂದು ಬರೆಯುತ್ತಾರೆ. ನನಗೂ ಅದೇ ಇಷ್ಟ.

ಫಿಸಿಕ್ಸ್_ಓದುವವಳು
ಸೈನ್ ಬಗ್ಗೆ ಇನ್ನೊಂದು. ಸೈನ್ 30° = 1/2, ಸೈನ್ 150° = 1/2. ಕ್ಯಾಲ್ಕುಲೇಟರ್‌ಗೆ 0.5 ಕೊಟ್ಟು ಇನ್ವರ್ಸ್ ಒತ್ತಿದರೆ 30 ಮಾತ್ರ ಬರುತ್ತದೆ. ಯಾಕೆಂದರೆ ಸೈನ್ ಅನ್ನು −90° ಇಂದ 90° ವರೆಗೆ ಕತ್ತರಿಸಿ ಇಟ್ಟುಕೊಂಡು ಇನ್ವರ್ಸ್ ಮಾಡಿದ್ದಾರೆ. ಎಕ್ಸ್² ಗೆ ಎಕ್ಸ್ ≥ 0 ಹಾಕಿದಂತೆಯೇ ಇದು. ನಿಮ್ಮ ತ್ರಿಭುಜದಲ್ಲಿ ಕೋನ ವಿಶಾಲವಾಗಿದ್ದರೆ 150 ಬೇಕಾಗಬಹುದು. ಅದನ್ನು ಕ್ಯಾಲ್ಕುಲೇಟರ್ ಹೇಳುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಇತಿಹಾಸ_ಓದುಗ
ಬೀಜಗಣಿತ ಪ್ರಿಯ ಅವರು ಹೇಳಿದ "ಕೆಲಸವೂ ಉಲ್ಟಾ, ಕ್ರಮವೂ ಉಲ್ಟಾ" ತುಂಬ ಹಳೆಯ ವಿಧಾನ. ಕ್ರಿ.ಶ. 499ರ ಕಾಲದಲ್ಲೇ ಆರ್ಯಭಟ ಇದನ್ನು ನಿಯಮವಾಗಿ ಹೇಳಿದ್ದಾನೆ: ಗುಣಿಸಿದ್ದು ಹಿಂದಕ್ಕೆ ಬರುವಾಗ ಭಾಗಿಸುವುದಾಗುತ್ತದೆ, ಭಾಗಿಸಿದ್ದು ಗುಣಿಸುವುದಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ. 1150ರ ಹೊತ್ತಿಗೆ ಭಾಸ್ಕರಾಚಾರ್ಯ ವರ್ಗಕ್ಕೆ ವರ್ಗಮೂಲ, ವರ್ಗಮೂಲಕ್ಕೆ ವರ್ಗ ಎಂದೂ ಹೇಳುತ್ತಾನೆ. ಯಾವುದೋ ಒಂದು ಸಂಖ್ಯೆಗೆ ಇಂಥಿಂಥದ್ದು ಮಾಡಿದಾಗ ಕೊನೆಗೆ ಇಷ್ಟು ಬಂತು, ಸಂಖ್ಯೆ ಯಾವುದು ಹೇಳು ಎಂಬ ರೀತಿಯ ಲೆಕ್ಕಗಳು.

ಬೀಜಗಣಿತ_ಪ್ರಿಯ
ಇದು ಗೊತ್ತಿರಲಿಲ್ಲ, ಸಂತೋಷವಾಯಿತು. ಆ ಲೆಕ್ಕಗಳಲ್ಲಿ ಕೆಲಸಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ, ಅದಕ್ಕೇ ಹಿಂದಕ್ಕೆ ನಡೆಯಲು ಆಗುತ್ತದೆ.

ಕೋಡ್_ಬರೆಯುವವ
ವಿಷಯದಿಂದ ಸ್ವಲ್ಪ ಆಚೆ. ಗುಟ್ಟಿನ ಬರಹ ಪೂರ್ತಿ ನಿಂತಿರುವುದು ಇನ್ವರ್ಸ್ ಮೇಲೆ. 26 ಅಕ್ಷರಗಳಿಗೆ 0ಯಿಂದ 25ರ ವರೆಗೆ ಸಂಖ್ಯೆ ಕೊಡಿ. ಪ್ರತಿ ಸಂಖ್ಯೆಯನ್ನೂ 7ರಿಂದ ಗುಣಿಸಿ 3 ಕೂಡಿ, 26ರಿಂದ ಭಾಗಿಸಿದ ಶೇಷ ಇಟ್ಟುಕೊಳ್ಳಿ. ಬಿಡಿಸುವವರು 3 ಕಳೆದು 7ರಿಂದ "ಭಾಗಿಸಬೇಕು". ಶೇಷದ ಲೋಕದಲ್ಲಿ ಭಿನ್ನರಾಶಿ ಇಲ್ಲ. ಆದರೆ 7 × 15 = 105, ಅದು 26 × 4 + 1. ಹಾಗಾಗಿ 7ರಿಂದ ಭಾಗಿಸುವುದಕ್ಕೆ ಬದಲು 15ರಿಂದ ಗುಣಿಸಿದರೆ ಆಯಿತು. 4 ಎಂಬ ಅಕ್ಷರ 28 + 3 = 31, ಶೇಷ 5 ಆಗುತ್ತದೆ. ವಾಪಸ್: 5 − 3 = 2, 2 × 15 = 30, ಶೇಷ 4.

7ರ ಬದಲು 2 ಹಾಕಿದರೆ ಆಗುವುದಿಲ್ಲ. 0ಯೂ 13ಯೂ ಒಂದೇ ಕಡೆ ಹೋಗುತ್ತವೆ. ಮಾಮೂಲು ಸಂಖ್ಯೆಗಳಲ್ಲಿ 2ಎಕ್ಸ್ + 3 ಗೆ ಇನ್ವರ್ಸ್ ಇದೆ, ಇಲ್ಲಿ ಇಲ್ಲ! ಸೂತ್ರ ಅದೇ, ಡೊಮೇನ್ ಬೇರೆ.

ಪೈ_ಮೂರೂಚಿಲ್ಲರೆ
ಇದು ಮಜವಾಗಿದೆ. ಡೊಮೇನ್ ಬರೆಯದಿದ್ದರೆ ಅಂಕ ಹೋಗುವುದು ಸರಿ ಎಂದು ಈಗ ಒಪ್ಪುತ್ತೇನೆ. ಅರ್ಧ ಬೇಡ, ಕಾಲು ಸಾಕು.

ಕೋಡ್_ಬರೆಯುವವ
ಇದರ ಮುಂದಿನ ಹೆಜ್ಜೆ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕಂಡುಹಿಡಿದ ವಿಧಾನ. ಅಲ್ಲಿ ಫಂಕ್ಷನ್ ಎಲ್ಲರಿಗೂ ಗೊತ್ತು, ಇನ್ವರ್ಸ್ ಇರುವುದೂ ಗೊತ್ತು. ಆದರೆ ದೊಡ್ಡದೊಂದು ಸಂಖ್ಯೆಯ ಎರಡು ಅವಿಭಾಜ್ಯ ಅಪವರ್ತನಗಳು ಗೊತ್ತಿದ್ದವರಿಗೆ ಮಾತ್ರ ಆ ಇನ್ವರ್ಸ್ ಸುಲಭ. ಉಳಿದವರಿಗೆ ಕಾರ್ಯತಃ ಅಸಾಧ್ಯ. ಇನ್ವರ್ಸ್ ಇದೆ ಎನ್ನುವುದು ಬೇರೆ, ಅದನ್ನು ಲೆಕ್ಕ ಹಾಕಲು ಆಗುತ್ತದೆ ಎನ್ನುವುದು ಬೇರೆ.

ಸೊನ್ನೆ_ಸುತ್ತ
ಹೈಸ್ಕೂಲ್ ಲೆಕ್ಕದಲ್ಲೂ ಹೀಗೆ ಆಗುತ್ತದಾ? ಇನ್ವರ್ಸ್ ಇದೆ, ಆದರೆ ಬರೆಯಲು ಆಗುವುದಿಲ್ಲ ಅಂತ?

ಬೀಜಗಣಿತ_ಪ್ರಿಯ
ಖಂಡಿತ. ಎಕ್ಸ್⁵ + ಎಕ್ಸ್ ನೋಡಿ. ಏರುತ್ತಲೇ ಹೋಗುತ್ತದೆ, ಒನ್-ಒನ್, ಹಾಗಾಗಿ ಇನ್ವರ್ಸ್ ಇದ್ದೇ ಇದೆ. ಎಫ್(1) = 2, ಎಫ್(2) = 34. ಆದ್ದರಿಂದ ಎಫ್⁻¹(2) = 1, ಎಫ್⁻¹(34) = 2. ಆದರೆ ಎಕ್ಸ್ ಒಂದೇ ಕಡೆ ಬರುವಂತೆ ಬರೆಯಲು ಹೋಗಿ, ಆಗುವುದಿಲ್ಲ. ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ, ಇಷ್ಟರಲ್ಲೇ ಆ ಇನ್ವರ್ಸ್‌ಗೆ ಸೂತ್ರ ಇಲ್ಲ. ಐದನೇ ಘಾತದ ಸಮೀಕರಣಕ್ಕೆ ಅಂಥ ಸಾಮಾನ್ಯ ಸೂತ್ರ ಇಲ್ಲ ಎಂದು 1824ರಲ್ಲಿ ನೀಲ್ಸ್ ಏಬೆಲ್ ಸಾಧಿಸಿದ.

ಪರೀಕ್ಷೆಯಲ್ಲಿ "ಎಫ್(ಎಕ್ಸ್) = ಎಕ್ಸ್⁵ + ಎಕ್ಸ್ ಆದರೆ ಎಫ್⁻¹(34) ಎಷ್ಟು" ಎಂದು ಕೇಳುವುದುಂಟು. ಅದಲುಬದಲು ಮಾತ್ರ ಗೊತ್ತಿರುವ ಮಗು ಪುಟ ತುಂಬ ಒದ್ದಾಡುತ್ತದೆ. ಇನ್ವರ್ಸ್ ಅಂದರೇನು ಎಂದು ಗೊತ್ತಿದ್ದ ಮಗು "34 ಕೊಡುವ ಎಕ್ಸ್ ಯಾವುದು" ಎಂದು ಕೇಳಿಕೊಂಡು ಒಂದೇ ಸಾಲಿನಲ್ಲಿ 2 ಬರೆಯುತ್ತದೆ.

ಮಧ್ಯದ_ಬೆಂಚು
ಈ ಉದಾಹರಣೆ ಒಪ್ಪಿದೆ. ಇಂಥ ಪ್ರಶ್ನೆಗೆ ಬರೀ ಅಭ್ಯಾಸ ಸಾಲದು. ಆದರೆ ಅಭ್ಯಾಸವೇ ಬೇಡ ಎಂದೂ ಯಾರೂ ಹೇಳಬೇಡಿ. 2ಎಕ್ಸ್ + 1 ಅನ್ನು 2(ಎಕ್ಸ್ − 3) + 7 ಎಂದು ಒಡೆಯುವುದು ಕೈಗೆ ಪಳಗದೆ ಹೊಳೆಯುವುದಿಲ್ಲ.

ಹಳೇ_ಮೇಷ್ಟ್ರು
ಅದು ನಿಜ. ಹಾಗೆ ಒಡೆಯಲು ಹೊಳೆಯದಿದ್ದರೆ ವೈ(ಎಕ್ಸ್ − 3) = 2ಎಕ್ಸ್ + 1 ಎಂದು ಬರೆದು, ಎಕ್ಸ್ ಇರುವುದನ್ನೆಲ್ಲ ಒಂದು ಕಡೆ ತಂದು, ಎಕ್ಸ್(ವೈ − 2) = 3ವೈ + 1 ಎಂದೂ ಹೋಗಬಹುದು. ಎಕ್ಸ್ ಹೊರಗೆ ತೆಗೆದ ಆ ಹೆಜ್ಜೆಯಲ್ಲೂ ಎಕ್ಸ್ ಒಂದೇ ಸಲ ಉಳಿಯಿತು, ನೋಡಿ.

ಇತಿಹಾಸ_ಓದುಗ
ಬರೆಯಲು ಆಗದ ಇನ್ವರ್ಸ್‌ಗೆ ಹೊಸ ಹೆಸರು ಕೊಟ್ಟು ಮುಂದೆ ಹೋಗುವುದೂ ಒಂದು ದಾರಿ. 10ರ ಘಾತಕ್ಕೆ ಇನ್ವರ್ಸ್ ಬೇಕು, ಕೂಡು-ಕಳೆ-ಮೂಲಗಳಲ್ಲಿ ಅದು ಸಿಗುವುದಿಲ್ಲ. ಅದನ್ನೇ ಲಾಗ್ ಎನ್ನುತ್ತೇವೆ. 10³ = 1000, ಲಾಗ್ 1000 = 3. ಆದರೆ 1614ರಲ್ಲಿ ಜಾನ್ ನೇಪಿಯರ್ ಲಾಗ್ ಕೋಷ್ಟಕ ಪ್ರಕಟಿಸಿದಾಗ ಈ ರೀತಿ ಯೋಚಿಸಿರಲಿಲ್ಲ, ಗುಣಾಕಾರವನ್ನು ಸಂಕಲನ ಮಾಡಿ ಲೆಕ್ಕ ಹಗುರ ಮಾಡುವುದು ಅವನ ಗುರಿಯಾಗಿತ್ತು. ಲಾಗ್ ಎಂದರೆ ಘಾತದ ಇನ್ವರ್ಸ್ ಎಂದು ನೇರವಾಗಿ ಪಾಠ ಶುರು ಮಾಡುವ ರೀತಿ 18ನೇ ಶತಮಾನದಲ್ಲಿ ಆಯ್ಲರ್‌ನಿಂದ ಗಟ್ಟಿಯಾಯಿತು.

ಅಂಕೆ_ಅಕ್ಷರ
ಎಲ್ಲರಿಗೂ ಧನ್ಯವಾದ. ಅವಳು ಈಗ ಪ್ರತಿ ಲೆಕ್ಕದಲ್ಲೂ "ಎಕ್ಸ್ ಎಷ್ಟು ಸಲ ಇದೆ" ಎಂದು ಮೊದಲು ನೋಡುತ್ತಾಳೆ. ಒಂದು ಲೆಕ್ಕ ಅವಳೇ ಹುಡುಕಿ ತಂದಿದ್ದಾಳೆ: ಎಫ್(ಎಕ್ಸ್) = ಎಕ್ಸ್ + √ಎಕ್ಸ್, ಎಕ್ಸ್ ≥ 0. ಇದರಲ್ಲಿ ಎರಡು ಸಲ ಇದೆ, ಒಂದು ಮಾಡುವುದು ಹೇಗೆ?

ಸೊನ್ನೆ_ಸುತ್ತ
√ಎಕ್ಸ್ ಅನ್ನು ಟಿ ಎಂದು ಕರೆದರೆ ಟಿ² + ಟಿ. ಇಲ್ಲಿ ವರ್ಗ ಪೂರ್ತಿ ಮಾಡಬಹುದಲ್ಲ?

ಬೀಜಗಣಿತ_ಪ್ರಿಯ
ಸರಿಯಾಗಿ ಹಿಡಿದಿರಿ. ವೈ = (ಟಿ + 1/2)² − 1/4. ಹಿಂದಕ್ಕೆ ಬಂದರೆ ಟಿ = √(ವೈ + 1/4) − 1/2. ಟಿ ಅಂದರೆ ವರ್ಗಮೂಲ, ಅದು ಋಣ ಆಗಲಾರದು, ಹಾಗಾಗಿ ಮೈನಸ್ ರೂಟ್ ಇಲ್ಲ. ಎಕ್ಸ್ = ಟಿ². ಹೆಸರು ಬದಲಿಸಿ ಬರೆದರೆ ಎಫ್⁻¹(ಎಕ್ಸ್) = (√(ಎಕ್ಸ್ + 1/4) − 1/2)², ಎಕ್ಸ್ ≥ 0.

ತಾಳೆ ನೋಡಲು 6 ಹಾಕಿ. √6.25 = 2.5, ಅದರಲ್ಲಿ 0.5 ಕಳೆದರೆ 2, ವರ್ಗ 4. ಮುಂದಕ್ಕೆ: 4 + √4 = 6.

ಹಳೇ_ಮೇಷ್ಟ್ರು
ಎಕ್ಸ್ ≥ 0 ಎಂಬ ಸಾಲು ಯಾಕೆ ಬೇಕು ಎಂದು ಇದರಲ್ಲೂ ಅವಳನ್ನೇ ಕೇಳಿ. √(ಎಕ್ಸ್ + 1/4) ಗೆ −1/4 ಕೊಟ್ಟರೂ ಬೆಲೆ ಬರುತ್ತದೆ. ಹಾಗಿದ್ದೂ −1/4 ಯಾಕೆ ಕೊಡುವಂತಿಲ್ಲ ಎನ್ನುವುದನ್ನು ಅವಳೇ ಬರೆಯಲಿ.